ಕಂಡದ್ದನ್ನು ಹೇಳದ ಅಜ್ಮತ್ ಫುಪ್ಪು

ನನ್ನ ಅಬ್ಬಾನ ಅಕ್ಕ ಅಜ್ಮತ್, ತೀರಿಕೊಂಡ ಹೆಂಗಸರ ಮೈ ತೊಳೆಯುತ್ತಿದ್ದರು. ನಮ್ಮಲ್ಲಿ ಅದಕ್ಕೆ ಗುಸಲ್ ಎನ್ನುತ್ತಾರೆ. ಮಣ್ಣಿಗೆ ಕೊಡುವ ಮೊದಲು ಹಲಗೆಯ ಮೇಲೆ ಮಲಗಿಸಿ, ಎಲಚಿ ಎಲೆ ಹಾಕಿ ಕಾಯಿಸಿದ ನೀರಿನಲ್ಲಿ ಬಲಗಡೆಯಿಂದ ಶುರುಮಾಡಿ ಮೂರು ಸಲವೋ ಐದು ಸಲವೋ ತೊಳೆದು, ಕೊನೆಯ ನೀರಿಗೆ ಕರ್ಪೂರ ಬೆರೆಸಿ, ಕಫನ್ ಎಂಬ ಬಿಳಿ ಬಟ್ಟೆ ಸುತ್ತಿಕೊಡುವ ಕೆಲಸ. ಗಂಡಸರಿಗೆ ಗಂಡಸರು ಮಾಡುತ್ತಾರೆ, ಹೆಂಗಸರಿಗೆ ಹೆಂಗಸರು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಶಿವಾಜಿನಗರದಿಂದ ಹಲಸೂರಿನವರೆಗೆ ಯಾವ ಮನೆಯಲ್ಲಿ ಹೆಂಗಸು ಕಣ್ಣುಮುಚ್ಚಿದರೂ ಅವರಿಗೆ ಹೇಳಿಕಳಿಸುತ್ತಿದ್ದರು. ಇದು ದೊಡ್ಡ ಪುಣ್ಯದ ಕೆಲಸವೆಂದು ಧರ್ಮ ಹೇಳುತ್ತದೆ. ನಮ್ಮ ಮನೆಯಲ್ಲೂ ಬಾಯಲ್ಲಿ ಹಾಗೆಯೇ ಹೇಳುತ್ತಿದ್ದರು. ಆದರೆ ಅವರ ಕೈಯಿಂದ ನಾವು ಯಾರೂ ಏನೂ ತಿನ್ನುತ್ತಿರಲಿಲ್ಲ.

ಸೋದರತ್ತೆಯನ್ನು ದಖ್ನಿಯಲ್ಲಿ ಫುಪ್ಪು ಎಂದು ಕರೆಯುತ್ತೇವೆ. ನಮ್ಮ ಮನೆ ಶಿವಾಜಿನಗರದ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿತ್ತು. ಅಬ್ಬಾ ಕರೀಂ ಅಲ್ಲೇ ಗಡಿಯಾರ ರಿಪೇರಿ ಮಾಡುತ್ತಿದ್ದರು. ಫುಪ್ಪು ಹಲಸೂರಿನಲ್ಲಿ, ಕೆರೆಯ ಹತ್ತಿರದ ಒಂದು ವಠಾರದಲ್ಲಿ ಒಂಟಿಯಾಗಿದ್ದರು. ಶುಕ್ರವಾರ ಮಧ್ಯಾಹ್ನ ತಪ್ಪದೆ ಬರುತ್ತಿದ್ದರು. ಬರುವಾಗ ಹಲಸೂರಿನ ಬೇಕರಿಯಿಂದ ದಿಲ್‌ಪಸಂದ್ ತರುತ್ತಿದ್ದರು. ಅಮ್ಮೀ ನಗುನಗುತ್ತಲೇ ಪೊಟ್ಟಣ ತೆಗೆದುಕೊಂಡು, ಫುಪ್ಪು ಹೊರಟ ಮೇಲೆ ಅದನ್ನು ಮಸೀದಿಯ ಮುಂದೆ ಕೂರುವವರಿಗೆ ಕೊಟ್ಟುಬಿಡುತ್ತಿದ್ದರು. "ಅವರು ಕೆಟ್ಟವರಂತ ಅಲ್ಲ, ನಂಗೆ ಭಯ ಅಷ್ಟೇ" ಎನ್ನುತ್ತಿದ್ದರು. ಆ ಭಯ ನಮಗೂ ಅಂಟಿತು. ಫುಪ್ಪು ತಲೆ ಸವರಲು ಕೈ ಚಾಚಿದರೆ ನಾನು ಏನೋ ನೆಪ ಹೇಳಿ ಒಳಗೆ ಓಡುತ್ತಿದ್ದೆ. ಎರಡು ಮೂರು ಸಲ ಹೀಗಾದ ಮೇಲೆ ಅವರು ಕೈ ಚಾಚುವುದನ್ನೇ ಬಿಟ್ಟರು. ಬಂದವರು ಎರಡೂ ಕೈಗಳನ್ನು ದುಪ್ಪಟ್ಟಾದ ಒಳಗೆ ಇಟ್ಟುಕೊಂಡು ಕೂರುತ್ತಿದ್ದರು. ಅದು ಅವರ ಅಭ್ಯಾಸವೆಂದೇ ನಾನು ಬಹಳ ಕಾಲ ತಿಳಿದುಕೊಂಡಿದ್ದೆ.

ಅವರು ಈ ಕೆಲಸಕ್ಕೆ ಹೇಗೆ ಬಂದರೆಂದು ಅಬ್ಬಾ ಒಂದೇ ಒಂದು ಸಲ ಹೇಳಿದ್ದರು. ಫುಪ್ಪುವಿನ ಗಂಡ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಮದುವೆಯಾದ ಆರನೇ ವರ್ಷಕ್ಕೆ ಕಾಮಾಲೆಯಿಂದ ಸತ್ತರು. ಮಕ್ಕಳಿರಲಿಲ್ಲ. ಅತ್ತೆ ಹಾಸಿಗೆ ಹಿಡಿದಿದ್ದರು. ಫುಪ್ಪು ಹಗಲು ಬೀಡಿ ಸುತ್ತಿಕೊಂಡು, ನಡುನಡುವೆ ಎದ್ದು ಅತ್ತೆಯನ್ನು ನೋಡಿಕೊಂಡು ಎರಡು ವರ್ಷ ಕಳೆದರು. ಅತ್ತೆಯೂ ಹೋದಾಗ ಗುಸಲ್‌ಗೆ ಬಂದ ಹೆಂಗಸು ಬೆನ್ನಿನ ಮೇಲಿದ್ದ ಹುಣ್ಣುಗಳನ್ನು ಕಂಡಳು. ಕಂಡದ್ದನ್ನು ನಲ್ಲಿಯ ಹತ್ತಿರ ಹೇಳಿದಳು. ಮಲಗಿದಲ್ಲೇ ಕೊಳೆಸಿಬಿಟ್ಟಳು ಸೊಸೆ, ಎಂಬ ಮಾತು ಗಲ್ಲಿಯಲ್ಲೆಲ್ಲ ಹರಡಿತು. ಇಪ್ಪತ್ತಾರು ವರ್ಷದ ಫುಪ್ಪು ತಿಂಗಳುಗಟ್ಟಲೆ ನೀರಿಗೆ ಹೋಗಲಿಲ್ಲ. ಪಕ್ಕದ ಮನೆಯವರು ತಂದುಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಆಮೇಲೆ ಒಂದು ದಿನ ಎದ್ದು ಹೋಗಿ, ಟ್ಯಾನರಿ ರಸ್ತೆಯಲ್ಲಿದ್ದ ಒಬ್ಬ ಮುದುಕಿಯ ಬಳಿ ಗುಸಲ್ ಕೊಡುವುದನ್ನು ಕಲಿಯತೊಡಗಿದರು.

"ಯಾಕೆ ಅಂತ ಕೇಳಿದೆ," ಅಂದಿದ್ದರು ಅಬ್ಬಾ. "ಕಂಡಿದ್ದನ್ನ ಹೇಳದೋಳು ಈ ಊರಲ್ಲಿ ಒಬ್ಬಳಾದ್ರೂ ಇರ್ಲಿ ಕರೀಂ, ಅಂದಳು."

ತೊಳೆಯುವಾಗ ಕಂಡದ್ದನ್ನು ಹೊರಗೆ ಹೇಳಬಾರದೆಂಬುದು ನಮ್ಮ ಧರ್ಮದ ಮಾತು. ಅದನ್ನು ಅವರಷ್ಟು ಬಿಗಿಯಾಗಿ ಹಿಡಿದವರನ್ನು ನಾನು ಕಂಡಿಲ್ಲ. ಎಂಥೆಂಥ ದೊಡ್ಡ ಮನೆಗಳ ಒಳಕೋಣೆಗಳಿಗೆ ಅವರು ಹೋಗಿಬಂದರು. ಸುಟ್ಟ ಕಲೆ, ಹೊಡೆದ ಗುರುತು, ಯಾರಿಗೂ ತಿಳಿಯದಂತೆ ಮುಚ್ಚಿಟ್ಟ ಕಾಯಿಲೆ, ಇವನ್ನೆಲ್ಲ ಅವರ ಕಣ್ಣು ಕಂಡಿರಲೇಬೇಕು. ಶುಕ್ರವಾರ ನಮ್ಮ ಮನೆಯಲ್ಲಿ ಕುಳಿತಾಗ ಮಾತ್ರ ಟೊಮೇಟೊ, ಮಳೆ, ಹಲಸೂರಿನ ಸೊಳ್ಳೆ, ಇಷ್ಟೇ ಮಾತು.

ನನ್ನ ಮದುವೆ ಗೊತ್ತಾದದ್ದು ತೊಂಬತ್ತೇಳರಲ್ಲಿ. ನಾನು ಕನ್ನಡ ಎಂ.ಎ. ಮುಗಿಸಿ ಒಂದು ಶಾಲೆಗೆ ಸೇರಿದ್ದೆ. ಗಂಡಿನ ಕಡೆಯವರು ಫ್ರೇಜರ್ ಟೌನಿನ ಬಟ್ಟೆ ವ್ಯಾಪಾರಿಗಳು. ಹುಡುಗ ಓವೈಸ್‌ರ ತಾಯಿ ಮೊದಲ ಭೇಟಿಯಲ್ಲೇ ನಮ್ಮ ಮನೆಯ ಗೋಡೆಯಿಂದ ಹಿಡಿದು ಚಮಚದವರೆಗೆ ಎಲ್ಲವನ್ನೂ ನೋಡಿದ್ದರು. ನಿಕಾಹ್‌ಗೆ ಕರೆಯುವವರ ಪಟ್ಟಿ ಬರೆಯುವಾಗ ಅಬ್ಬಾ ಮೊದಲ ಹೆಸರು ಅಕ್ಕನದೇ ಬರೆದರು. ಅಮ್ಮೀ ಏನೂ ಹೇಳಲಿಲ್ಲ. ಹೇಳಿದವಳು ನಾನು.

"ಅಬ್ಬಾ, ಫುಪ್ಪು ಬೇಡ. ಫ್ರೇಜರ್ ಟೌನ್‌ನಲ್ಲಿ ಅವರ ಗುರುತು ಎಷ್ಟೋ ಜನಕ್ಕಿದೆ. ಮದುವೆ ಮನೇಲಿ ನೋಡಿದ್ರೆ ಅಪಶಕುನ ಅಂತಾರೆ."

ಅಬ್ಬಾ ನನ್ನ ಮುಖ ನೋಡಿದರು. "ಓದಿದ ಹುಡುಗಿ ನೀನು" ಅಂದರು. ಅಷ್ಟೇ. ಮರುದಿನ ಹಲಸೂರಿಗೆ ಹೋಗಿಬಂದರು. ಬಂದು ಬಹಳ ಹೊತ್ತು ಮುಖ ತೊಳೆದರು. ಫುಪ್ಪು ಏನಂದರೆಂದು ನಾನು ಕೇಳಲಿಲ್ಲ. ಓವೈಸ್‌ಗೆ, ಅತ್ತೆಗೆ, ನಾದಿನಿ ನಾಜಿಶ್‌ಗೆ, ಎಲ್ಲರಿಗೂ ಅಬ್ಬಾ ನಮ್ಮ ಅಜ್ಜನಿಗೆ ಒಬ್ಬನೇ ಮಗ ಎಂದು ಹೇಳಿದೆ. ಅದು ಸುಳ್ಳಾಗಿರಲಿಲ್ಲ. ಮಗ ಒಬ್ಬನೇ.

ಅಬ್ಬಾ ಬೇಗ ಹೋದರು. ಆಮೇಲೆ ಅಮ್ಮೀ ಹಜ್‌ಗೆ ಹೋದವರು ಅಲ್ಲೇ ತೀರಿಕೊಂಡು ಅಲ್ಲೇ ಮಣ್ಣಾದರು. ಸುದ್ದಿ ತಿಳಿಸಲು ಹಲಸೂರಿಗೆ ಹೋದಾಗ ಫುಪ್ಪು ಗೋಡೆಗೆ ಒರಗಿ ಅತ್ತರು. "ನನ್ನ ಕೈ ಅವಳಿಗೆ ಬೇಡವಾಗಿತ್ತು. ಅಲ್ಲಾ ಅವಳ ಮಾತು ನಡೆಸಿಕೊಟ್ಟ" ಅಂದರು. ಅದರಲ್ಲಿ ಕೊಂಕಿರಲಿಲ್ಲ. ಅದಕ್ಕೇ ನನಗೆ ಅಲ್ಲಿ ಹೆಚ್ಚು ಹೊತ್ತು ಕೂರಲಾಗಲಿಲ್ಲ.

ನನ್ನ ಅತ್ತೆ ತೀರಿಕೊಂಡದ್ದು ಎರಡು ಸಾವಿರದ ಒಂಬತ್ತರಲ್ಲಿ, ಒಂದು ಬೆಳಗ್ಗೆ. ಮನೆ ತುಂಬ ಜನ. ಗುಸಲ್‌ಗೆ ಯಾರನ್ನು ಕರೆಯುವುದೆಂದು ಪಕ್ಕದ ಮನೆಯವರೇ ವಿಚಾರಿಸಿ ಹೇಳಿಕಳಿಸಿದರು. ಹತ್ತು ಗಂಟೆಯ ಹೊತ್ತಿಗೆ ಹಿಂಬಾಗಿಲಿನಿಂದ ಒಳಬಂದವರು ಅಜ್ಮತ್ ಫುಪ್ಪು. ಬುರ್ಖಾ ತೆಗೆದು ಮೊಳೆಗೆ ಸಿಕ್ಕಿಸಿ ತಿರುಗಿದರು. ನನ್ನನ್ನು ಕಂಡರು. ಆಗ ಅವರಿಗೆ ಅರವತ್ತು ದಾಟಿತ್ತು, ಬೆನ್ನು ಸ್ವಲ್ಪ ಬಾಗಿತ್ತು. ಅದು ನಾನು ಸೊಸೆಯಾಗಿರುವ ಮನೆಯೆಂದು ಅವರಿಗೆ ತಿಳಿದಿರಲಿಲ್ಲ. ಮದುವೆಗೆ ಕರೆದಿದ್ದರಲ್ಲವೇ ತಿಳಿಯಲು?

ನಾಜಿಶ್ ನನ್ನ ಪಕ್ಕದಲ್ಲೇ ಇದ್ದಳು. ಅತ್ತೂ ಅತ್ತೂ ಅವಳ ದನಿ ಕಟ್ಟಿಹೋಗಿತ್ತು. "ಭಾಭೀ, ಯಾರು ಇವರು? ನಿಮಗೆ ಗೊತ್ತಾ?" ಎಂದು ಕೇಳಿದಳು.

"ಇಲ್ಲ. ಗುಸಲ್ ಕೊಡೋರು. ಯಾರೋ ಕರೆಸಿದ್ದಾರೆ" ಅಂದೆ.

ಎರಡು ಮಾರು ದೂರದಲ್ಲಿ ಫುಪ್ಪು ನಿಂತಿದ್ದರು. ಕೇಳಿಸಿತ್ತು. ತೋಳು ಮಡಚಿಕೊಳ್ಳುತ್ತ, "ನೀರು ತೀರಾ ಬಿಸಿ ಬೇಡ ಬೀಬೀ, ಬೆಚ್ಚಗಿದ್ರೆ ಸಾಕು. ಬದುಕಿರೋರ ಮೈಗೆ ಎಷ್ಟು ತಡೆಯತ್ತೋ ಅಷ್ಟೇ" ಅಂದರು. ನನಗೇ ಹೇಳಿದರು. ನನ್ನನ್ನು ಬೀಬೀ ಎಂದು ಕರೆದರು, ಪರಿಚಯವಿಲ್ಲದ ಮನೆಯ ಹೆಂಗಸನ್ನು ಕರೆಯುವಂತೆ.

ನೀರು ಹಾಕಲು ಮನೆಯವರೊಬ್ಬರು ಬೇಕು ಎಂದರು. ನಾಜಿಶ್‌ಗೆ ಧೈರ್ಯ ಸಾಲಲಿಲ್ಲ. ತಲೆಯ ಹತ್ತಿರ ಗೋಡೆಯ ಕಡೆ ಮುಖ ಮಾಡಿ ನಿಂತಳು. ನಾನು ತಂಬಿಗೆ ಹಿಡಿದೆ. ಮೇಲೆ ಒಂದು ಬಟ್ಟೆ ಹೊದಿಸಿ, ಅದರ ಕೆಳಗೇ ಕೈಯಾಡಿಸಿ ಫುಪ್ಪು ತೊಳೆದರು. "ಸ್ವಲ್ಪ ಪಕ್ಕಕ್ಕೆ ತಿರುಗಿಸ್ತೀನಮ್ಮ" ಎಂದು ಅತ್ತೆಗೆ ಹೇಳಿಯೇ ತಿರುಗಿಸಿದರು. ಉಗುರಿನ ಸಂದಿಯ ಅರಿಸಿನದ ಕಲೆಯನ್ನು ಬಟ್ಟೆಯ ತುದಿಯಿಂದ ಬಿಡಿಸಿದರು. ಆ ಕೈಗಳನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನೀರಿನಲ್ಲಿ ನೆನೆದು ನೆನೆದು ಬೆರಳ ತುದಿಗಳು ಸುಕ್ಕಾಗಿದ್ದವು.

ಎಡಗಡೆಗೆ ಬಂದಾಗ ಬಟ್ಟೆ ಒಂದಿಷ್ಟು ಸರಿಯಿತು. ಅಲ್ಲಿ ನಾನು ಕಂಡದ್ದೇನೆಂದು ಬರೆಯುವುದಿಲ್ಲ. ಇಷ್ಟು ಹೇಳಬಹುದು: ಅತ್ತೆ ಅದನ್ನು ವರ್ಷಗಳಿಂದ ಹೊತ್ತುಕೊಂಡು ತಿರುಗಿದ್ದರು, ನೋವು ತಿಂದಿದ್ದರು. ಒಂದೇ ಒಂದು ಸಲ ಅವರ ಬೆನ್ನು ಉಜ್ಜಿಕೊಟ್ಟಿದ್ದರೂ ಸೊಸೆಗೆ ಅದು ಗೊತ್ತಾಗಿರುತ್ತಿತ್ತು. ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದ ನನಗೆ ಗೊತ್ತಿರಲಿಲ್ಲ. ನಾನು ನೀರು ಹಾಕುವುದನ್ನು ನಿಲ್ಲಿಸಿದೆ. ಫುಪ್ಪು ತಲೆಯೆತ್ತಿ ನನ್ನ ಕಡೆ ನೋಡಿ, ಅದೇ ಉಸಿರಿನಲ್ಲಿ ಅರಳೆ ಇಟ್ಟು ಬಟ್ಟೆ ಎಳೆದರು. ನಾಜಿಶ್ ತಿರುಗುವಷ್ಟರಲ್ಲಿ ಎಲ್ಲ ಮುಚ್ಚಿತ್ತು.

"ಏನಾಯ್ತು?" ಎಂದಳು ಅವಳು.

"ಏನಿಲ್ಲ ಬೇಟಾ. ತುಂಬ ಶಾಂತವಾಗಿದ್ದಾರೆ ನಿಮ್ಮ ಅಮ್ಮೀ. ಕೂದಲು ಬಾಚೋಣ, ಬಾ" ಅಂದರು ಫುಪ್ಪು. ನಾಜಿಶ್ ಆಗ ಹತ್ತಿರ ಬಂದಳು. ಇಬ್ಬರೂ ಸೇರಿ ಅತ್ತೆಯ ಬಿಳಿಕೂದಲಿಗೆ ಮೂರು ಜಡೆ ಹಾಕಿದರು.

ಕೆಲಸ ಮುಗಿಸಿ ಅವರು ಬಂದ ಬಾಗಿಲಿನಿಂದಲೇ ಹೊರಟರು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು, ಅವರು ಬಸ್ ಸ್ಟಾಪಿನ ಕಡೆ ನಡೆಯುವುದನ್ನು ನೋಡಿದೆ. ಓಡಿ ಹೋಗಿ ತಡೆಯಲು ಸಮಯವಿತ್ತು. ಅವರ ನಡಿಗೆ ಅಷ್ಟು ನಿಧಾನವಾಗಿತ್ತು.

ತಿಂಗಳು ಕಳೆದು ಹಲಸೂರಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಫುಪ್ಪು ಬಾಗಿಲ ಮುಂದೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಪಕ್ಕದಲ್ಲಿ ಕುಳಿತೆ. "ಫುಪ್ಪು, ಅವತ್ತು ನಾನು..." ಎಂದೆ.

"ಅವತ್ತು ನೀರು ಸರಿಯಾಗಿ ಕಾದಿತ್ತು" ಎಂದರು ಅವರು. "ನಿನ್ನ ಮಗಳಿಗೆ ಈಗ ಎಷ್ಟು ವರ್ಷ?"

"ಎಂಟು."

"ಹೆಸರು ಸಿದ್ರಾ ಅಲ್ವಾ? ಒಳ್ಳೆ ಹೆಸರು."

ನಾನು ಇನ್ನೊಂದು ಸಲ ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಅವರೇ ತಡೆದರು ಎಂದುಕೊಂಡು ಹಗುರವಾಗಿ ಮನೆಗೆ ಬಂದೆ. ಆಮೇಲೆ ಅಲ್ಲಿಗೆ ಹೋಗುವುದು ವರ್ಷಕ್ಕೊಂದು ಸಲವಾಯಿತು, ಈದ್ ಕಳೆದ ಮೇಲೆ. ಕೊರೊನಾ ಬಂದ ಮೇಲೆ ಅದೂ ನಿಂತಿತು.

ಮೂರು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ನಾನು ಶಾಲೆಯಲ್ಲಿ ಹತ್ತನೇ ತರಗತಿಯವರ ಪೂರ್ವಸಿದ್ಧತಾ ಪರೀಕ್ಷೆಯ ಕೋಣೆಯಲ್ಲಿದ್ದೆ. ಚೀಲದಲ್ಲಿ ಫೋನ್ ನಡುಗಿತು. ಗೊತ್ತಿಲ್ಲದ ನಂಬರು. ಕತ್ತರಿಸಿದೆ. ನಾಲ್ಕು ಸಲ ಬಂತು, ನಾಲ್ಕು ಸಲವೂ ಕತ್ತರಿಸಿದೆ. ಪರೀಕ್ಷೆ ಮುಗಿದು ಊಟವೂ ಮುಗಿದ ಮೇಲೆ ಆ ನಂಬರಿಗೆ ಮಾಡಿದೆ.

"ನಾ ಬಾಲಮ್ಮ ಮಾತಾಡ್ತೀನ್ರೀ, ಹಲಸೂರಿಂದ. ಅಜ್ಮತಕ್ಕ ಮುಂಜಾನಿ ಹೋಗಿಬಿಟ್ರು. ನೀವು ಅವರಿಗೆ ಏನಾಗಬೇಕೋ ಗೊತ್ತಿಲ್ಲ. ಗ್ವಾಡಿ ಮ್ಯಾಲ ನಿಮ್ಮ ನಂಬರ್ ಬರ್ದಿತ್ರೀ."

ಸಿದ್ರಾ ಸ್ಕೂಟರಿನಲ್ಲಿ ಕರೆದುಕೊಂಡು ಹೋದಳು. ಯಾರ ಮನೆಗೆ ಹೋಗುತ್ತಿದ್ದೇವೆಂದು ಅವಳಿಗೆ ದಾರಿಯಲ್ಲಿ, ಅವಳ ಬೆನ್ನಿಗೆ ಹೇಳಿದೆ. ಅವಳಿಗೆ ಆಗ ಇಪ್ಪತ್ತೊಂದು.

ನಾವು ಮುಟ್ಟುವಾಗ ಎಲ್ಲ ಮುಗಿದಿತ್ತು. ಫುಪ್ಪುವಿನಿಂದ ಕೆಲಸ ಕಲಿತ ಮೂವರು ಹೆಂಗಸರು ಬೆಳಗ್ಗೆಯೇ ಬಂದು ಗುಸಲ್ ಕೊಟ್ಟು, ಕಫನ್ ಸುತ್ತಿ, ಮುಖ ಮಾತ್ರ ಬಿಟ್ಟು ಕುಳಿತಿದ್ದರು. ಒಂದು ತಂಬಿಗೆ ನೀರು ಹಾಕುವ ಅವಕಾಶವೂ ನನಗೆ ಉಳಿದಿರಲಿಲ್ಲ. ಅಂಗಳದಲ್ಲಿ ಒಲೆ ಇನ್ನೂ ಹೊಗೆಯಾಡುತ್ತಿತ್ತು. ನೀರು ಕಾಯಿಸಿದವಳು ಬಾಲಮ್ಮ. ಯಾದಗಿರಿ ಕಡೆಯಿಂದ ಬಂದು, ದೊಡ್ಡನೆಕ್ಕುಂದಿಯ ಒಂದು ಆಫೀಸಿನಲ್ಲಿ ನೆಲ ಒರೆಸುವ ಕೆಲಸ ಮಾಡಿಕೊಂಡು, ಹನ್ನೊಂದು ವರ್ಷದಿಂದ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದಳು. ನನಗಿಂತ ಚಿಕ್ಕವಳು.

"ನಾಕು ಸಲ ಹಚ್ಚಿದೆನ್ರೀ" ಅಂದಳು. ದೂರಲಿಲ್ಲ, ಸುಮ್ಮನೆ ತಿಳಿಸಿದಳು.

"ನಾನು ಅವರ ತಮ್ಮನ ಮಗಳು" ಅಂದೆ.

ಬಾಲಮ್ಮ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. "ತಮ್ಮ ಇದ್ದರಂತಾನೂ ಹೇಳಿಲ್ರೀ ಅವ್ರು. ನಿಮ್ಮ ಕಡಿಯವರು ಯಾರದಾರ ಅಕ್ಕಾ ಅಂತ ಎಷ್ಟು ಸಲ ಕೇಳೀನಿ. ನಂಗ್ಯಾರೂ ಇಲ್ಲ ಬಾಲಮ್ಮ, ಅಂತಿದ್ರು. ಆ ನಂಬರ್ ಯಾರ್ದು ಅಂದ್ರ, ಇರ್ಲಿ ಬಿಡು, ಅಂತಿದ್ರು."

ಒಳಗೆ ಹೋಗಿ ನೋಡಿದೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹತ್ತು ಅಂಕಿ. ಮುಂದೆ ಹೆಸರಿಲ್ಲ. ನಾನು ಅವರನ್ನು ಗೊತ್ತಿಲ್ಲವೆಂದದ್ದು ಒಂದು ಮನೆಯಲ್ಲಿ. ಅವರು ನನಗೋಸ್ಕರ ಅದನ್ನು ಊರಿಗೆಲ್ಲ ನಿಜ ಮಾಡಿಟ್ಟಿದ್ದರು.

ಇಷ್ಟಾದರೂ ನನಗೆ ಬುದ್ಧಿ ಬಂತೆಂದು ಹೇಳಿದರೆ ಅದೂ ಸುಳ್ಳಾದೀತು. ಈ ವರ್ಷ ಸಿದ್ರಾಳನ್ನು ನೋಡಲು ಗಂಡಿನ ಕಡೆಯವರು ಬಂದರು. ನಾಜಿಶ್ ಕಲ್ಯಾಣ ನಗರದಿಂದ ಬೆಳಗ್ಗೆಯೇ ಬಂದು ನನ್ನೊಡನೆ ಅಡುಗೆಗೆ ನಿಂತಿದ್ದಳು. ಊಟದ ಹೊತ್ತಿಗೆ ಗಂಡಿನ ತಾಯಿ ಸಹಜವಾಗಿ ಮನೆತನದ ಮಾತು ತೆಗೆದರು. ಯಾವ ಊರಿನ ಮೂಲ, ಅಜ್ಜ ಏನು ಮಾಡುತ್ತಿದ್ದರು, ಅಬ್ಬಾಗೆ ಒಡಹುಟ್ಟಿದವರು ಎಷ್ಟು ಜನ.

"ಅಬ್ಬಾ ಒಬ್ಬರೇ ಮಗ" ಎಂದೆ. ಇಪ್ಪತ್ತೆಂಟು ವರ್ಷದಿಂದ ಹೇಳಿದ ಮಾತು. ಬಾಯಿಗೆ ತಾನೇ ಬಂತು.

ತಟ್ಟೆಗೆ ಕಬಾಬು ಬಡಿಸುತ್ತಿದ್ದ ಸಿದ್ರಾ ತಲೆಯೆತ್ತಲಿಲ್ಲ. "ಮಗ ಒಬ್ಬರೇ. ಒಬ್ಬರು ಮಗಳೂ ಇದ್ರಲ್ಲ ಅಮ್ಮೀ. ಅಜ್ಮತ್ ನಾನಿ. ಹಲಸೂರಲ್ಲಿದ್ರು. ನಲವತ್ತು ವರ್ಷ ತೀರಿಕೊಂಡೋರಿಗೆ ಗುಸಲ್ ಕೊಟ್ರು" ಅಂದಳು.

ಗಂಡಿನ ತಾಯಿ "ಮಾಷಾ ಅಲ್ಲಾ, ಎಷ್ಟು ದೊಡ್ಡ ಕೆಲಸ" ಎಂದು ತಲೆಯಾಡಿಸಿ, ಇನ್ನೊಂದು ಕಬಾಬು ಕೇಳಿದರು. ಮಾತು ಬೇರೆ ಕಡೆ ಹೋಯಿತು. ಅಷ್ಟೇ ಆದದ್ದು. ಯಾವುದಕ್ಕೆ ಹೆದರಿ ನಾನು ಒಬ್ಬ ಹೆಂಗಸನ್ನು ಮನೆಯಿಂದ ಅಳಿಸಿದ್ದೆನೋ ಅದು ಇಷ್ಟೇ ಇತ್ತು. ನಾಲ್ಕು ದಿನದ ಮೇಲೆ ಒಪ್ಪಿಗೆ ಹೇಳಿಕಳಿಸಿದರು.

ಅವರೆಲ್ಲ ಹೋದ ಮೇಲೆ ಅಡುಗೆಮನೆಯಲ್ಲಿ ನಾಜಿಶ್ ಲೋಟ ತೊಳೆಯುತ್ತಿದ್ದಳು. ನನ್ನ ಕಡೆ ತಿರುಗದೆಯೇ ಕೇಳಿದಳು: "ನಮ್ಮ ಅಮ್ಮೀಗೆ ಮೂರು ಜಡೆ ಹಾಕಿದೋರು ಅವರೇನಾ?"

"ಹೌದು."

"ನಾನು ನಿಮ್ಮನ್ನ ಕೇಳಿದ್ದೆ ಅವತ್ತು."

"ಕೇಳಿದ್ದೆ."

ಅವಳು ನಲ್ಲಿ ನಿಲ್ಲಿಸಿದಳು. "ನಮ್ಮನೇಲಿ ಅವರಿಗೆ ಒಂದು ಲೋಟ ಚಾ ಕೊಡಲಿಲ್ಲ ಭಾಭೀ. ನನ್ನ ತಲೆ ನೆಟ್ಟಗಿರಲಿಲ್ಲ, ನಿಮ್ಮದು ನೆಟ್ಟಗಿತ್ತಲ್ಲ" ಅಂದಳು. ಒಂದು ತಿಂಗಳು ಅವಳು ನನಗೆ ಫೋನ್ ಮಾಡಲಿಲ್ಲ. ಓವೈಸ್ ಎಲ್ಲ ಕೇಳಿಸಿಕೊಂಡು, "ನನಗಾದ್ರೂ ಹೇಳಬಹುದಿತ್ತು" ಎಂದಷ್ಟೇ ಅಂದರು.

ತಿಂಗಳ ಮೇಲೆ ನಾಜಿಶ್ ತಾನೇ ಬಂದಳು. ಫುಪ್ಪು ಹೇಗಿದ್ದರು, ಏನು ಇಷ್ಟಪಡುತ್ತಿದ್ದರು, ಎಲ್ಲ ಹೇಳಿ ಎಂದಳು. ಹೇಳಲು ಕುಳಿತರೆ ನನಗೆ ಗೊತ್ತಿದ್ದದ್ದು ಕಾಲು ಗಂಟೆಯಲ್ಲಿ ಮುಗಿಯಿತು. ಅವರು ಹುಟ್ಟಿದ ವರ್ಷ ಗೊತ್ತಿಲ್ಲ. ಯಾವ ಊಟ ಇಷ್ಟವೆಂದು ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅವರು ಉಂಡದ್ದೇ ನೆನಪಿಲ್ಲ. ಕೊನೆಗೆ ನಾವಿಬ್ಬರೂ ಒಂದು ಭಾನುವಾರ ಹಲಸೂರಿಗೆ ಹೋಗಿ ಬಾಲಮ್ಮನ ಕೋಣೆಯಲ್ಲಿ ಕುಳಿತೆವು. ನನಗೆ ಗೊತ್ತಿಲ್ಲದ್ದು ಎಷ್ಟೋ ಅವಳಿಗೆ ಗೊತ್ತಿತ್ತು. ಫುಪ್ಪು ಅವಳಿಂದ ರೊಟ್ಟಿ ಬಡಿಯುವುದನ್ನು ಕಲಿತದ್ದು, ಎಷ್ಟು ಬಡಿದರೂ ಅಂಚು ಒಡೆಯುತ್ತಿದ್ದದ್ದು, ಒಡೆದ ರೊಟ್ಟಿಯನ್ನು ಪುಂಡಿ ಪಲ್ಯದ ಜೊತೆ ತಾವೇ ತಿಂದು ಚೆನ್ನಾಗಿದ್ದುದನ್ನು ಬಾಲಮ್ಮನ ಮಕ್ಕಳಿಗೆ ಕೊಡುತ್ತಿದ್ದದ್ದು. ಆ ಮಕ್ಕಳಿಗೆ ಜ್ವರ ಬಂದರೆ ಅವರನ್ನು ಮಡಿಲಲ್ಲಿ ಹಾಕಿಕೊಂಡು ಹಣೆ ಸವರುತ್ತಿದ್ದದ್ದು.

"ನಮ್ಮ ಹುಡುಗರು ಅಕ್ಕನ ಕೈಲೇ ಉಣ್ತಿದ್ರು, ನಾ ಕೊಟ್ರ ಒಲ್ಲೆ ಅಂತಿದ್ರು" ಎಂದಳು ಬಾಲಮ್ಮ. ನಾಜಿಶ್ ಇನ್ನೂ ಹೇಳು ಎಂದಳು. ನಾನು ಬಾಗಿಲ ಹತ್ತಿರ ಕುಳಿತು, ನನ್ನ ಫುಪ್ಪುವಿನ ಸುದ್ದಿಯನ್ನು ಪಕ್ಕದ ಕೋಣೆಯವಳ ಬಾಯಿಂದ ಕೇಳಿಸಿಕೊಂಡೆ.